ಸೇಡಿಗೆ ಆರಿಸಿದ ಫ್ರೇಮು

ನನ್ನ ಮುಂದಿನ ಎರಡು ಹಲ್ಲು ಮುರಿದದ್ದು ನಮ್ಮೂರು ಇಂಡಿಯ ಬಸ್ ನಿಲ್ದಾಣದ ಹತ್ತಿರದ ಇಳಿಜಾರಿನಲ್ಲಿ, ಬೆಳಗಿನ ಕಾಲೇಜಿನ ಹೊತ್ತಿಗೆ. ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಎದುರಿಗೆ ಒಂದು ಟಂಟಂ ಆಟೊ ಗಕ್ಕನೆ ನಿಂತಿತು. ಬ್ರೇಕ್ ಹಿಡಿದೆ. ಹ್ಯಾಂಡಲ್ಲು ನನ್ನ ಕೈಯಲ್ಲೇ ಉಳಿಯಿತು, ಸೈಕಲ್ಲಿನ ಉಳಿದ ಭಾಗ ನನ್ನ ಕೆಳಗಿನಿಂದ ಬೇರೆಯಾಗಿ ಹೋಯಿತು. ಬಾಯಿ ಡಾಂಬರಿಗೆ ಬಡಿಯಿತು. ಎದ್ದು ಕೂತು ಉಗುಳಿದಾಗ ರಕ್ತದ ಜೊತೆ ಬಿಳಿಯ ಚೂರುಗಳು ಬಿದ್ದವು.

ಮನೆಗೆ ಕರೆತಂದರು. ನಮ್ಮದು ಕೂಡು ಮನೆ. ಅಪ್ಪನ ಅಪ್ಪ ಮುತ್ಯಾ, ದೊಡ್ಡಪ್ಪ, ದೊಡ್ಡವ್ವ, ಅವರ ಒಬ್ಬನೇ ಮಗ, ಅಪ್ಪ, ಅವ್ವ, ನಾನು. ತಾಂಬಾದ ಕಡೆ ನಮ್ಮ ನಿಂಬೆ ತೋಟ, ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ದೊಡ್ಡಪ್ಪನ ಮಗ ನನಗಿಂತ ಮೂರು ವರ್ಷ ದೊಡ್ಡವನು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ನನ್ನ ಬಾಯಿಗೆ ಅವ್ವ ಅರಿಶಿನ ಒತ್ತುತ್ತಿರುವಾಗ ಅವನು ಬಾಗಿಲಿಗೆ ಒರಗಿ ನಿಂತು ಹೇಳಿದ:

"ಕೆನಾಲ ದಿಬ್ಬದ ಮ್ಯಾಲೆ ಹುಡುಗರ ಕೂಡ ಸೈಕಲ್ ಹಾರಸ್ತಿದ್ಲು. ನಾನ ಕಣ್ಣಾರೆ ನೋಡೇನಿ. ಫ್ರೇಮ್ ಮುರೀದ ಏನ್ ಮಾಡೀತು?"

ನಾನು ಅಲ್ಲ ಎನ್ನಲು ಬಾಯಿ ತೆರೆದೆ. ತುಟಿ ಊದಿ ಮಾತು ಹೊರಡಲಿಲ್ಲ. ಬರೀ ಗಾಳಿ ಹೊರಟಿತು. ಅದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು. ಅಪ್ಪ ನನ್ನ ಮುಖ ನೋಡಲಿಲ್ಲ. "ಸೈಕಲ್ ಗುಜರಿಗಿ ಹಾಕ್ರಿ" ಎಂದಷ್ಟೇ ಹೇಳಿ ಲಾರಿ ತುಂಬಿಸಲು ಹೊರಟು ಹೋದ.

ಆ ದಿನಗಳಲ್ಲಿ ಊರ ಹೊರಗೆ ಕಾಲುವೆ ಅಗೆತ ನಡೆದಿತ್ತು. ತೆಗೆದ ಮಣ್ಣನ್ನು ಎರಡೂ ದಂಡೆಗೆ ಸುರಿದು ಸುರಿದು ದಿಬ್ಬಗಳ ಸಾಲೇ ಎದ್ದಿತ್ತು. ಹುಡುಗರು ಅವುಗಳ ಮೇಲಿಂದ ಸೈಕಲ್ ಹಾರಿಸುತ್ತಿದ್ದರು. ರವಿವಾರ ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಕಡೆಯಿಂದಲೂ ಬಸ್ಸಿನ ಟಪ್ಪಿನ ಮೇಲೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದರು. ಅಲ್ಲಿ ನಮ್ಮಣ್ಣನೇ ಹೀರೋ. ಹಿಂದೆ ಮುಂದೆ ಎರಡೂ ಕಡೆ ಏಟು ನುಂಗುವ ಸ್ಪ್ರಿಂಗಿನ ಶಾಕಪ್ ಇದ್ದ ಕೆಂಪು ಸೈಕಲ್ಲು ಇದ್ದದ್ದು ಅವನೊಬ್ಬನ ಹತ್ತಿರವೇ. ನಾನು ದೂರದಿಂದ ನೋಡಿದ್ದೆನೇ ಹೊರತು ಹತ್ತಿರಕ್ಕೂ ಹೋದವಳಲ್ಲ.

ವಾರ ಕಳೆದ ಮೇಲೆ ಸತ್ಯ ತಾನಾಗಿ ನನ್ನ ಕಿವಿಗೆ ಬಿತ್ತು. ನಿಂಬೆಹಣ್ಣು ಆರಿಸುವ ತಗಡಿನ ಶೆಡ್ಡಿನಲ್ಲಿ ಒಬ್ಬಳೇ ಕೂತಿದ್ದೆ. ತಗಡಿನ ಆಚೆ ಬದಿಯ ನೆರಳಲ್ಲಿ ಅಣ್ಣ ಮತ್ತು ಅವನ ಗೆಳೆಯರು ಬಂದು ಕೂತರು. ಅಣ್ಣನೇ ಹೇಳುತ್ತಿದ್ದ:

"ನಂದ್ಯಾಕ ಕೆಡಸೂದಂತ ಆಕಿ ಸೈಕಲ್ ತಗೊಂಡು ದಿಬ್ಬದಿಂದ ಹಾರಿದೆ ನೋಡ್ರಿ, ಕಟ್ ಅಂತು. ಹ್ಯಾಂಡಲ್ ಬುಡಕ್ಕ ಬಿರುಕು ಬಿಟ್ಟಿತ್ತು. ನೀರಿನ ಪೈಪಿಗಿ ಹಚ್ಚೋ ಅಂಟು ತುಂಬಿ, ಮ್ಯಾಲೆ ನೀಲಿ ಬಣ್ಣ ಬಡದು ನಿಂದರಿಸಿದೆ. ಮರುದಿನಾನ ಆಕಿ ಹಲ್ಲ ಹೋದ್ವು!"

ಎಲ್ಲರೂ ನಕ್ಕರು. ಅವನ ನಗುವೇ ದೊಡ್ಡದಾಗಿತ್ತು.

ನನ್ನ ಕೈಯಲ್ಲೊಂದು ನಿಂಬೆಹಣ್ಣಿತ್ತು. ಅದು ಹಿಚುಕಿಹೋಗಿ ರಸ ಮೊಣಕೈವರೆಗೆ ಇಳಿದದ್ದು ಅವರು ಎದ್ದು ಹೋದ ಮೇಲೆ ಗೊತ್ತಾಯಿತು. ಓಡಿ ಹೋಗಿ ಅವ್ವನಿಗೆ ಹೇಳಬಹುದಿತ್ತು. ಹೇಳಿದರೆ ಅವನು ಇಲ್ಲ ಎನ್ನುತ್ತಿದ್ದ, ಮನೆ ಅವನನ್ನೇ ನಂಬುತ್ತಿತ್ತು. ಇದನ್ನು ಅವನ ಬಾಯಿಂದಲೇ, ಎಲ್ಲರ ಎದುರಿಗೆ ಹೇಳಿಸಬೇಕು. ಅದಕ್ಕೂ ಮೊದಲು ಅವನು ಹೀರೋ ಆಗಿರುವ ಜಾಗದಲ್ಲೇ ಅವನನ್ನು ಕೆಡವಬೇಕು. ಆ ಶೆಡ್ಡಿನಲ್ಲಿ ಕೂತು ಇಷ್ಟನ್ನು ನಿಶ್ಚಯ ಮಾಡಿಕೊಂಡೆ. ಹದಿನೇಳರ ವಯಸ್ಸಿನ ಸಿಟ್ಟು ಎರಡು ದಿನ ಇರುತ್ತದೆ ಎನ್ನುತ್ತಾರೆ. ನನ್ನದು ಹಾಗಿರಲಿಲ್ಲ.

ಪಿಯುಸಿ ಮುಗಿದದ್ದೇ ನನ್ನನ್ನು ಚಡಚಣಕ್ಕೆ ಕಳಿಸಿದರು. ಅಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಇದ್ದಳು. ಅವಳ ಮನೆಯಲ್ಲಿದ್ದು ಡಿಗ್ರಿ ಓದಲಿ, ಕಣ್ಣಳತೆಯಲ್ಲಿರಲಿ ಎಂಬುದು ಮನೆಯವರ ಲೆಕ್ಕ. ಚಿಗವ್ವನಿಗೆ ದ್ರಾಕ್ಷಿ ತೋಟವಿತ್ತು. ಗಂಡ ತೀರಿಹೋದ ಮೇಲೆ ತೋಟ, ಆಳು, ಸೊಲ್ಲಾಪುರದ ವ್ಯಾಪಾರಿಗಳು ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಶುರುವಾದ ಬೈಗುಳವನ್ನು ಮರಾಠಿಯಲ್ಲಿ ಮುಗಿಸುವ ಹೆಂಗಸು. ಹೋದ ಮೊದಲ ವಾರವೇ ಊಟಕ್ಕೆ ಕೂತಾಗ ನನ್ನ ಬಾಯಿ ನೋಡಿ ಕೇಳಿದಳು:

"ಖರೆ ಹೇಳು. ನೀ ಹಾರಿಸಿದ್ದೇನು ಸೈಕಲ್ಲ?"

"ಇಲ್ಲ ಚಿಗವ್ವ."

ಎಲ್ಲ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅಯ್ಯೋ ಎನ್ನಲಿಲ್ಲ, ತಲೆ ಸವರಲಿಲ್ಲ.

"ಮತ್ತ ಏನ್ ಮಾಡಾಕಿ ಈಗ?"

"ಹಾರಸ್ತೇನಿ. ಅವ ಹಾರಿಸಲಾರದ್ದು ಹಾರಸ್ತೇನಿ."

"ಮೊದಲ ಮುರೀಲಾರದ ಸೈಕಲ್ ಹುಡುಕು" ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಹುಡುಕಾಟ ಹೀಗೆ ಶುರುವಾಯಿತು. ದ್ರಾಕ್ಷಿ ಪೆಟ್ಟಿಗೆಯ ತಳಕ್ಕೆ ಹಾಸಲು ಮುಂಬೈ, ಪುಣೆಯ ಹಳೆಯ ಪತ್ರಿಕೆಗಳು ಮೂಟೆಗಟ್ಟಲೆ ಬರುತ್ತಿದ್ದವು. ಒಮ್ಮೆ ಅದರಲ್ಲಿ ಒಂದು ಪಟ ಸಿಕ್ಕಿತು: ಯಾವುದೋ ದೇಶದ ಹುಡುಗನೊಬ್ಬ ಮಣ್ಣಿನ ದಿಬ್ಬದಿಂದ ಸೈಕಲ್ ಸಮೇತ ಗಾಳಿಯಲ್ಲಿದ್ದಾನೆ. ನಾನು ಹುಡುಗನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದೆ. ಅದು ಅವನಿಗೆ ಬಹಳ ಚಿಕ್ಕದು. ಸೀಟು ಮೊಣಕಾಲಿಗಿಂತ ಕೆಳಗೆ, ಮೇಲಿನ ಪೈಪು ಹಿಂದಕ್ಕೆ ಇಳಿಜಾರು. ಹಿಂದಿನ ಗಾಲಿ ಪೆಡಲಿಗೆ ಅಂಟಿಕೊಂಡಷ್ಟು ಹತ್ತಿರ. ಹಿಂದೆ ಶಾಕಪ್ ಇರಲೇ ಇಲ್ಲ. ನಮ್ಮಣ್ಣ ಯಾವುದನ್ನು ನೋಡಿ ಬೀಗುತ್ತಿದ್ದನೋ ಅದೇ ಇರಲಿಲ್ಲ. ಆ ಖುಷಿಗೆ ಪಟ ಕತ್ತರಿಸಿ ಕಪಾಟಿನ ಒಳಬದಿಗೆ ಅಂಟಿಸಿದೆ.

ಆಮೇಲೆ ಚಡಚಣದ ಗುಜರಿ ಅಂಗಡಿಗೆ ಹೋಗಿ ಮುರಿದ ಸೈಕಲ್ಲುಗಳನ್ನು ನೋಡತೊಡಗಿದೆ. ಸತ್ತ ಫ್ರೇಮುಗಳ ರಾಶಿ ಅದು. ತಿರುಗಿಸಿ ತಿರುಗಿಸಿ ನೋಡಿದೆ. ಬಹುಪಾಲು ಮುರಿದದ್ದು ಒಂದೇ ಕಡೆ: ಹ್ಯಾಂಡಲ್ ಕೂರುವ ಕುತ್ತಿಗೆಗೆ ಕೆಳಗಿನ ಪೈಪು ಸೇರುವಲ್ಲಿ. ನನ್ನದೂ ಅಲ್ಲೇ ಮುರಿದಿತ್ತು. ಮೇಲಿಂದ ಬಿದ್ದ ಏಟನ್ನೆಲ್ಲ ಮುಂದಿನ ಗಾಲಿ ತಂದು ಆ ಕುತ್ತಿಗೆಗೇ ಒಪ್ಪಿಸುತ್ತದೆ. ಅಲ್ಲಿ ಮೇಲಿಂದ ಒಂದು ತಗಡಿನ ಪಟ್ಟಿ ಕೂಡಿಸಿ ಬೆಸೆದಿದ್ದ ಫ್ರೇಮುಗಳು ರಾಶಿಯಲ್ಲಿ ಇರಲೇ ಇಲ್ಲ. ಅಲ್ಯುಮಿನಿಯಂ ಫ್ರೇಮುಗಳು ಸೂಚನೆ ಕೊಡದೆ ಒಮ್ಮೆಲೇ ಒಡೆದಿದ್ದವು. ಕಬ್ಬಿಣದವು ಮೊದಲು ಬಾಗಿ, ಬಣ್ಣ ಬಿರಿದು, ಹೇಳಿ ಮುರಿದಿದ್ದವು. ನನಗೆ ಹೇಳಿ ಮುರಿಯುವಂಥದ್ದೇ ಬೇಕಿತ್ತು. ಹೇಳದೆ ಮುರಿಯುವುದರ ರುಚಿ ಒಮ್ಮೆ ನೋಡಿಯಾಗಿತ್ತು.

ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಚಿಗವ್ವ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಸೊಲ್ಲಾಪುರಕ್ಕೆ ಹೊರಟಾಗ ನನ್ನನ್ನೂ ಕರೆದುಕೊಂಡಳು. ಹಳೆಯ ಸೈಕಲ್ ಮಾರುವ ಓಣಿಗೆ ಹೋದೆವು. ಅಂಗಡಿಯವನು ನನ್ನನ್ನು ನೋಡಿದವನೇ ಬುಟ್ಟಿ ಕಟ್ಟಿದ ಲೇಡೀಸ್ ಸೈಕಲ್ ಎಳೆದು ತಂದ.

"ಇದ ತಗೋರಿ ತಾಯಿ, ಕಾಲೇಜಿನ ಹುಡುಗ್ಯಾರು ಇದನ್ನ ಒಯ್ತಾರ."

"ಬರೇ ಫ್ರೇಮ್ ತೋರಸ್ರಿ. ದಿಬ್ಬದಿಂದ ಹಾರಿಸಬೇಕು. ಕಟ್ಟಿ ಮ್ಯಾಲಿಂದ ಇಳಿಸಬೇಕು. ಓಣ್ಯಾಗೂ ನಡೀಬೇಕು."

ಅವನು ಚಿಗವ್ವನ ಮುಖ ನೋಡಿದ. ಚಿಗವ್ವ, "ಆಕಿ ಕೇಳಿದ್ದ ತೋರಸ್ರಿ, ನನ್ನ ಮಾರಿ ಏನ್ ನೋಡ್ತೀರಿ" ಎಂದು ಸ್ಟೂಲ್ ಎಳೆದು ಕೂತಳು.

ಮೊದಲು ಇಳಿಸಿದ್ದು ಎರಡು ಶಾಕಪ್ಪಿನ ಹಸಿರು ಫ್ರೇಮು. ಮಿರಮಿರ ಮಿಂಚುತ್ತಿತ್ತು. ಹಿಂದಿನ ಶಾಕಪ್ಪಿನ ಬೋಲ್ಟು ಹಿಡಿದು ಅಲುಗಿಸಿದೆ, ಗಡಗಡ ಎಂದಿತು. ಹಾರುವ ಮೊದಲು ಒತ್ತುವ ಬಲವನ್ನೆಲ್ಲ ಇದೇ ನುಂಗಿಬಿಡುತ್ತದೆ ಎನಿಸಿತು. ಬೇಡ ಎಂದೆ. ಎರಡನೆಯದು ಉದ್ದನೆಯ ಬೆಳ್ಳಿ ಬಣ್ಣದ್ದು, ಗೇರಿನದು, ಹಗುರ. ನಡುವೆ ಕಾಲು ಹಾಕಿ ನಿಂತು ನೋಡಿದೆ. ಮೇಲಿನ ಪೈಪು ನನಗೆ ತಾಗುತ್ತಿತ್ತು. ಕೆಳಗೆ ಬೀಳುವಾಗ ಸೈಕಲ್ಲು ನನ್ನ ಕಾಲ ನಡುವೆ ಓಡಾಡಲು ಜಾಗವಿಲ್ಲ. ದೂರದ ದಾರಿಗೆ ಒಳ್ಳೆಯದು, ನನ್ನ ಕೆಲಸಕ್ಕಲ್ಲ. ಅದೂ ಬೇಡ.

ಮೂರನೆಯದನ್ನು ಅವನು ತೋರಿಸಲಿಲ್ಲ. ಹಿಂದೆ ಟಯರುಗಳ ಸಂದಿಯಲ್ಲಿ ನಾನೇ ಕಂಡೆ. ಬಣ್ಣ ಕಿತ್ತು ಬೂದಿಯಂತಾಗಿತ್ತು, ಹೆಸರು ಉಜ್ಜಿ ಹೋಗಿತ್ತು.

"ಅದು ಸಣ್ಣ ಹುಡುಗೋರದು, ಬಿಡ್ರಿ. ಎಲ್ಲಿಂದೋ ಬಂದೈತಿ. ಭಾಳ ಜಡ."

ಹೊರಗೆ ತೆಗೆಸಿದೆ. ಕಬ್ಬಿಣ. ಮೇಲಿನ ಪೈಪು ಗಿಡ್ಡ, ಹಿಂದಕ್ಕೆ ಇಳಿಜಾರು. ಕುತ್ತಿಗೆಯ ಕೆಳಗೆ ಬೆರಳಗಲದ ಪಟ್ಟಿ ಕೂಡಿಸಿ, ಸುತ್ತಲೂ ಒಂದೇ ಸಮ ಬೆಸೆದಿದ್ದರು. ಹಿಂದಿನ ಗಾಲಿ ಕೂರುವ ಸೀಳು ಉದ್ದುದ್ದ ಇತ್ತು. ಗೇರಿಲ್ಲದ ಚೈನನ್ನು ಗಾಲಿ ಹಿಂದಕ್ಕೆಳೆದು ಬಿಗಿ ಮಾಡಬಹುದು. ಕೀಲಿಯಿಂದ ಪ್ರತಿ ಪೈಪಿಗೂ ಬಡಿದು ಕಿವಿಯಿಟ್ಟೆ, ಎಲ್ಲೂ ಒಡಕು ಸದ್ದು ಬರಲಿಲ್ಲ. ಚಿಗವ್ವನ ಚೀಲದಿಂದ ದಾರದ ಉಂಡೆ ತೆಗೆದು ಹಿಂದಿನ ಎಡ ತುದಿಯಿಂದ ಕುತ್ತಿಗೆ ಸುತ್ತಿ ಬಲ ತುದಿಗೆ ಎಳೆದು ಕಟ್ಟಿದೆ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಒಂದೇ ಅಂತರ. ಫ್ರೇಮು ಡೊಂಕಾಗಿರಲಿಲ್ಲ. ಕೊನೆಗೆ ಉಗುರಿನಿಂದ ಕುತ್ತಿಗೆಯ ಬಣ್ಣ ಕೆರೆದು ನೋಡಿದೆ. ಅಂಟು ಇದೆಯೇ, ಯಾರಾದರೂ ಬಿರುಕಿಗೆ ಮೆತ್ತಿದ್ದಾರೆಯೇ ಎಂದು. ಕೆಳಗೆ ಬರೀ ಕಬ್ಬಿಣವಿತ್ತು.

"ಇದ ಬೇಕು" ಎಂದೆ.

"ಅಷ್ಟ ಚಂದನ್ನವು ಬಿಟ್ಟು ಇದನ್ನ?" ಅಂಗಡಿಯವನಿಗೆ ಅರ್ಥವಾಗಲಿಲ್ಲ.

ಚಿಗವ್ವ ಎದ್ದು ಸೆರಗು ಕೊಡವಿದಳು. "ಚಂದ ಆಕಿಗಿ ಬ್ಯಾಡ್ರಿ. ಗಟ್ಟಿ ಬೇಕಾಗೈತಿ."

ಅದಕ್ಕೆ ದಪ್ಪ ಟಯರು, ಅಗಲ ಹ್ಯಾಂಡಲ್ಲು, ಒಂದೇ ಹಲ್ಲುಚಕ್ರ ಕೂಡಿಸಿ ತೋಟದಲ್ಲಿ ಕಲಿಯತೊಡಗಿದೆ. ಕೃಷಿ ಹೊಂಡದ ಒಡ್ಡೇ ನನ್ನ ಮೊದಲ ದಿಬ್ಬ. ಸಲ್ವಾರಿನ ಕೆಳ ಅಂಚುಗಳನ್ನು ದ್ರಾಕ್ಷಿ ಬಳ್ಳಿ ಕಟ್ಟುವ ದಾರದಿಂದ ಬಿಗಿದುಕೊಳ್ಳುತ್ತಿದ್ದೆ. ಸಂತೆ ಇಲ್ಲದ ದಿನ ಮಾರುಕಟ್ಟೆಯ ಅಂಗಳದಲ್ಲಿ ಚೀಲ ಇಳಿಸುವ ಕಟ್ಟೆಯಿಂದ ಕೆಳಕ್ಕೆ ಇಳಿಸುವುದು, ಮುಂದಿನ ಗಾಲಿ ಎತ್ತಿ ಮೆಟ್ಟಿಲು ಹತ್ತಿಸುವುದು. ಎಷ್ಟೋ ಸಲ ಬಿದ್ದೆ. ಮೊಣಕೈ ಸುಲಿಯಿತು, ಒಮ್ಮೆ ಪಕ್ಕೆಲುಬು ತಿಂಗಳುಗಟ್ಟಲೆ ನೋಯಿತು. ಬಿದ್ದಾಗಲೆಲ್ಲ ಅಣ್ಣನ ನಗು ಕೇಳಿಸುತ್ತಿತ್ತು, ಕೂಡಲೇ ಏಳುತ್ತಿದ್ದೆ. ಬಯಲಲ್ಲಿ ಸೈಕಲ್ ತುಳಿಯುವ ಆನಂದ, ಗಾಳಿ, ಸ್ವಾತಂತ್ರ್ಯ ಎಂದೆಲ್ಲ ಬರೆಯುವವರಿದ್ದಾರೆ. ನನಗೆ ಆಗ ಅದೊಂದೂ ಇರಲಿಲ್ಲ. ದಿಬ್ಬದ ತುದಿಯಲ್ಲಿ ನನಗೆ ಕಾಣುತ್ತಿದ್ದದ್ದು ಅವನ ಮುಖ ಒಂದೇ.

ಡಿಗ್ರಿಯ ಎರಡನೆಯ ವರ್ಷದ ರಜೆಗೆ ಇಂಡಿಗೆ ಹೋದಾಗ ಸೈಕಲ್ಲನ್ನು ಲಾರಿಯಲ್ಲಿ ಹಾಕಿಸಿಕೊಂಡೆ. ರವಿವಾರ ಮಧ್ಯಾಹ್ನ ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೊರಟು ದಿಬ್ಬಗಳಿಗೆ ಹೋದೆ. ನಾಲ್ಕೂ ತಾಲೂಕಿನ ಹುಡುಗರು ಸೇರಿದ್ದರು. ಎಲ್ಲಕ್ಕಿಂತ ಎತ್ತರದ ಎರಡು ದಿಬ್ಬಗಳ ನಡುವೆ ಒಂದು ತಗ್ಗು ಇತ್ತು, ತಳದಲ್ಲಿ ಕೆಸರು ನೀರು. ಈ ದಿಬ್ಬದಿಂದ ಆ ದಿಬ್ಬಕ್ಕೆ ಹಾರಿದವರು ಯಾರೂ ಇರಲಿಲ್ಲ. ಅಣ್ಣ ಮಾತ್ರ, ಯಾರೂ ಇಲ್ಲದಾಗ ತಾನು ಹಾರಿದ್ದೇನೆ ಎಂದು ಹೇಳಿಕೊಂಡು ಬಂದಿದ್ದ.

ನನ್ನನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಆಮೇಲೆ ನಕ್ಕ.

"ಏ, ಮನಿಗಿ ನಡಿ. ಯಾವ ಗುಜರ್ಯಾಗಿಂದು ಇದು?"

"ಆ ತಗ್ಗ ದಾಟ್ತೇನಿ" ಎಂದೆ. ಎಲ್ಲರಿಗೂ ಕೇಳುವಂತೆ ಎಂದೆ. "ದಾಟಿದ್ರ ನನ್ನ ಸೈಕಲ್ ಯಾರು ಮುರದ್ರು, ಅಂಟು ಯಾರು ಹಚ್ಚಿದ್ರು, ಅದನ್ನ ನೀ ಮನ್ಯಾಗ ಹಿರ್ಯಾರ ಮುಂದ ಹೇಳಬೇಕು. ದಾಟಲಿಲ್ಲಂದ್ರ ನಾ ಮತ್ತ ಸೈಕಲ್ ಮುಟ್ಟಂಗಿಲ್ಲ."

ಸಿಂದಗಿಯವನೊಬ್ಬ, "ಏನ್ ಅಂಟಲೇ ಅದು?" ಎಂದು ಕೇಳಿದ. ಅಣ್ಣನಿಗೆ ಅಲ್ಲಿಂದ ಜಾರಿಕೊಳ್ಳಲು ದಾರಿ ಇರಲಿಲ್ಲ. ನಾನು ಬೀಳುತ್ತೇನೆ ಎಂಬ ನಂಬಿಕೆಯೂ ಇತ್ತು.

"ಹೇಳ್ತೇನಿ ತಗೋ. ನನ್ನಾಣಿ. ಹಾರು ನೋಡೂಣು."

ಹಿಂದಕ್ಕೆ ಹೋದೆ. ಪೆಡಲ್ ಒತ್ತಿದೆ. ದಿಬ್ಬ ಹತ್ತುವಾಗ ಸೈಕಲ್ಲನ್ನು ನೆಲಕ್ಕೆ ಒತ್ತಿ, ತುದಿಯಲ್ಲಿ ಎಳೆದುಕೊಂಡೆ. ಕೆಳಗೆ ಕೆಸರು ಹಾದುಹೋಯಿತು. ಗಿಡ್ಡ ಫ್ರೇಮು ನನ್ನ ಮೊಣಕಾಲುಗಳ ನಡುವೆ ಮೇಲೆ ಬಂತು. ಹಿಂದಿನ ಗಾಲಿ ಆಚೆ ದಿಬ್ಬದ ಇಳಿಜಾರಿಗೆ ತಾಗಿತು, ಆಮೇಲೆ ಮುಂದಿನದು. ಹ್ಯಾಂಡಲ್ ಒಮ್ಮೆ ನಡುಗಿತು, ನಿಂತಿತು. ಕುತ್ತಿಗೆ ಕಟ್ ಎನ್ನಲಿಲ್ಲ.

ಯಾರೋ ಸಿಳ್ಳೆ ಹೊಡೆದರು. ಬಾಗೇವಾಡಿಯವರು ಕೂಗಿದರು. ನಾನು ತಿರುಗಿ ಅವನನ್ನೇ ನೋಡಿದೆ. ಈಗ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನೀ ಹಾರಿದ್ದ ತೋರ್ಸಪಾ ಒಮ್ಮಿ" ಎಂದ ಸಿಂದಗಿಯವನು.

ಅವನು ಕೆಂಪು ಸೈಕಲ್ಲು ಹತ್ತಿ ಹೊರಟ. ದಿಬ್ಬದ ಅರ್ಧಕ್ಕೆ ಬಂದಾಗ ಅವನ ಕೈ ಬ್ರೇಕಿಗೆ ಹೋದದ್ದು ಕಂಡಿತು. ಶಾಕಪ್ಪು ಕುಸಿಯಿತು, ಗಾಲಿ ನಿಂತಿತು, ಅವನು ತುದಿಯ ಮೇಲೆ ಒಂದು ಕ್ಷಣ ತೂಗಾಡಿ, ಸೈಕಲ್ಲಿನ ಜೊತೆ ನಿಧಾನವಾಗಿ ಜಾರಿ ತಗ್ಗಿನ ಕೆಸರಿನಲ್ಲಿ ಕೂತ. ಪೆಟ್ಟಾಗಲಿಲ್ಲ. ಎದೆಯವರೆಗೆ ಕೆಸರು. ಗುಂಪು ನಕ್ಕಿತು. ಅವನ ಗೆಳೆಯರೂ ನಕ್ಕರು. ಆ ನಗು ಕೇಳಿ ನನ್ನ ಮೈಯೆಲ್ಲ ತಂಪಾಯಿತು. ಕೈ ಕೊಟ್ಟು ಮೇಲೆತ್ತಲು ಯಾರೋ ಇಳಿದರು. ನಾನು ಇಳಿಯಲಿಲ್ಲ.

ಮನೆಯಲ್ಲಿ ಅವನು ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ ಕೇಳಿದರೆ, "ಹೇಳ್ತೇನಿ ತಡಿ, ಸದ್ಯ ಬ್ಯಾಡ. ಬೀಗರು ಬರೂರು ಅದಾರ" ಎಂದು ಪಿಸುಗುಟ್ಟಿದ. ತಂಗಡಗಿಯ ಒಂದು ಮನೆತನದಲ್ಲಿ ಅವನಿಗೆ ಹೆಣ್ಣು ನೋಡಿ ಬಂದಿದ್ದರು. ಗುರುವಾರ ಅವರು ನಮ್ಮ ಮನೆ ನೋಡಲು ಬರುವವರಿದ್ದರು. ನಾನು ತಲೆಯಾಡಿಸಿದೆ. ಗುರುವಾರದವರೆಗೆ ಕಾಯಲು ನನಗೂ ಈಗ ಕಾರಣ ಸಿಕ್ಕಿತ್ತು.

ಗುರುವಾರ ಅವರು ಬಂದರು. ಹುಡುಗಿಯ ಅಪ್ಪ, ಕಾಕಾ, ಮತ್ತು ಅಜ್ಜಿ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದರು. ಮುತ್ಯಾ, ದೊಡ್ಡಪ್ಪ, ಅಪ್ಪ ಎದುರಿಗೆ. ಅಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಂಬದ ಪಕ್ಕ. ನಾನು ಚುರುಮುರಿ ಸೂಸಲದ ತಾಟು ಹಿಡಿದು ಹೋದೆ. ಆ ಅಜ್ಜಿ ನನ್ನ ಗದ್ದ ಹಿಡಿದು ಮುಖವೆತ್ತಿ ನೋಡಿದಳು.

"ಚಲೋ ಹುಡುಗಿ. ಹಲ್ಲಿಗಿ ಏನಾತ ತಂಗಿ?"

ದೊಡ್ಡವ್ವ ಒಳಗಿನಿಂದಲೇ ಓಡಿಬಂದು, "ಬಿದ್ದಿದ್ಲರಿ ಸೈಕಲ್ಲಿಂದ" ಎಂದಳು.

ನಾನು ತಾಟು ಕೆಳಗಿಟ್ಟೆ. "ಹೆಂಗ ಬಿದ್ದೆ ಅಂತ ಅಣ್ಣ ಹೇಳ್ತಾನ್ರಿ ಆಯಿ. ಹಿರ್ಯಾರ ಮುಂದ ಹೇಳ್ತೇನಿ ಅಂತ ಆಣಿ ಮಾಡ್ಯಾನ. ಮಂದಿ ಮುಂದ ಮಾಡ್ಯಾನ."

ಅಣ್ಣ ನನ್ನನ್ನು ನೋಡಿದ. ಆ ಕಣ್ಣಲ್ಲಿ ಬೇಡಿಕೆ ಇತ್ತು. ಅದನ್ನು ನಾನು ಚೆನ್ನಾಗಿ ನೋಡಿಕೊಂಡೆ, ಕಣ್ಣು ತಪ್ಪಿಸಲಿಲ್ಲ. ಮುತ್ಯಾ ಕೋಲು ನೆಲಕ್ಕೆ ಕುಟ್ಟಿ, "ಏನದು? ಬಾಯಿ ಬಿಡು" ಎಂದ.

ಅವನು ಹೇಳಿದ. ತಡವರಿಸುತ್ತ, ನೆಲ ನೋಡುತ್ತ. ದಿಬ್ಬದಿಂದ ಹಾರಿಸಿದ್ದು, ಬಿರುಕು, ಅಂಟು, ಬಣ್ಣ. ಅಷ್ಟಕ್ಕೇ ನಿಲ್ಲಿಸಿದ. "ಮತ್ತ ನನ್ನ ಮ್ಯಾಲೆ ಹೇಳಿದ್ದು?" ಎಂದೆ. ಅದನ್ನೂ ಹೇಳಿದ.

ಅಜ್ಜಿ ಅವನಿಗೆ ಒಂದೇ ಮಾತು ಕೇಳಿದಳು. "ಬಿರುಕು ಬಿಟ್ಟಿದ್ದು ಗೊತ್ತಿತ್ತು. ಮುಂಜಾನಿ ಈ ಹುಡುಗಿ ಅದನ್ನ ಹತ್ತಿ ಹೊಂಟಾಗ ನೀ ಎಲ್ಲಿದ್ದಿ?"

"ಅಲ್ಲೇ… ಕಟ್ಟಿ ಮ್ಯಾಲ ಇದ್ದೆರಿ."

ಅಜ್ಜಿ ಸೂಸಲ ಮುಟ್ಟಲಿಲ್ಲ. ಮಗನ ಹೆಗಲು ಹಿಡಿದು ಎದ್ದಳು. ನಮಸ್ಕಾರ ಮಾಡಿಯೇ ಹೋದರು, ಮರ್ಯಾದೆಯವರು. ಸಂಬಂಧ ಅಲ್ಲಿಗೇ ಮುರಿಯಿತು.

ದೊಡ್ಡವ್ವ ನನಗೆ ಬೈದ ಬೈಗುಳಗಳು ಇಲ್ಲಿ ಬರೆಯುವಂಥವಲ್ಲ. ಅವ್ವ ಅಡುಗೆಮನೆಯ ಮೂಲೆಯಲ್ಲಿ ನನ್ನ ರಟ್ಟೆ ಹಿಡಿದು, "ಇವತ್ತ ಹೇಳಿಸಬೇಕಾಗಿತ್ತೇನ? ನಾಳೆ ಆಗತಿದ್ದಿಲ್ಲ?" ಎಂದು ಅತ್ತಳು. ನಾಳೆ ಹೇಳಿದ್ದರೆ ಮನೆಯ ನಾಲ್ಕು ಗೋಡೆಯೊಳಗೆ ಅದನ್ನು ಮಡಚಿ ಇಟ್ಟುಬಿಡುತ್ತಿದ್ದರು. ಅದು ಅವ್ವನಿಗೂ ಗೊತ್ತಿತ್ತು. ಅಪ್ಪ ಅಂಗಳದಲ್ಲಿ ನನ್ನ ಸೈಕಲ್ಲಿನ ಪಕ್ಕ ನಿಂತಿದ್ದ. ಕುತ್ತಿಗೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ನಾ ಆವತ್ತ ನಿನ್ನ ಒಂದ್ ಮಾತ ಕೇಳಬೇಕಿತ್ತು" ಎಂದ.

"ಹೌದಪ್ಪಾ, ಕೇಳಬೇಕಿತ್ತು" ಎಂದೆ. ಇರಲಿ ಬಿಡು ಎನ್ನಲಿಲ್ಲ.

ಆ ದೀಪಾವಳಿಯೊಳಗೆ ಕೂಡು ಮನೆ ಒಡೆದು ಒಲೆ ಎರಡಾದವು. ಅಣ್ಣನಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಕಾಲುವೆಗೆ ನೀರು ಬಂದು, ದಿಬ್ಬಗಳ ಮಣ್ಣನ್ನು ರಸ್ತೆ ಕೆಲಸಕ್ಕೆ ಹೊತ್ತೊಯ್ದರು. ನಾನು ಬಿ.ಎಡ್ ಮುಗಿಸಿ ಬಸವನಬಾಗೇವಾಡಿಯ ಒಂದು ಶಾಲೆಗೆ ಸೇರಿದೆ. ಮೊದಲ ಸಂಬಳದಲ್ಲಿ ಹಲ್ಲು ಕಟ್ಟಿಸಿಕೊಂಡೆ. ಅದಕ್ಕೂ ಮೊದಲು ಅಪ್ಪ ಕಟ್ಟಿಸುತ್ತೇನೆ ಎಂದಾಗ ಒಪ್ಪಿರಲಿಲ್ಲ.

ಅಲ್ಲಿನ ಬಾಡಿಗೆ ಮನೆಗೆ ಒಂದು ಸಂಜೆ ಅಣ್ಣ ಬಂದ. ಸ್ವಲ್ಪ ದಪ್ಪಗಾಗಿದ್ದ. ಹೆಣ್ಣು ಮಗು ಹುಟ್ಟಿತ್ತು. ನಮ್ಮಲ್ಲಿ ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅವನಿಗೆ ಒಡಹುಟ್ಟಿದ ತಂಗಿಯರಿಲ್ಲ.

"ನೀನ ಬಂದು ಹೆಸರಿಡಬೇಕವಾ. ಆಗಿದ್ದು ಆಗಿ ಹೋತು. ನಂದ ತಪ್ಪು."

ಚಹಾ ಮಾಡಿ ಕೊಟ್ಟೆ. ಅವನು ಕುಡಿಯುವವರೆಗೆ ಎದುರಿಗೇ ಕೂತಿದ್ದೆ. ಮಗು ಹೇಗಿದೆ, ಯಾರ ಹಾಗಿದೆ ಎಂದೆಲ್ಲ ಕೇಳಿದೆ. ಅದರ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಕಪ್ಪು ಖಾಲಿಯಾದ ಮೇಲೆ ಹೇಳಿದೆ:

"ನಾ ಬರಂಗಿಲ್ಲಣ್ಣ. ಬ್ಯಾರೆ ಯಾರನ್ನರೆ ಕರಿ."

ನಾನು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋಗಿ ತೊಳೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಬಾಗಿಲ ಚಿಲಕದ ಸದ್ದು ಕೇಳಿಸಿತು. ಕೈ ಒರೆಸಿಕೊಂಡು ಹೊರಬಂದೆ. ಅವನು ಬಸ್ ನಿಲ್ದಾಣದ ದಾರಿ ಹಿಡಿದಿದ್ದ.